ಸ್ಕೇಟಿಂಗ್ ಮಕ್ಕಳಿಗೆ ಚಳಿಗಾಲದ ಒಲಿಂಪಿಕ್ಸ್ ಕ್ವಿಜ್: ಈ ಪ್ರಶ್ನೆಗಳು ಸರಿ ಇವೆಯಾ?

ಕುವೆಂಪುನಗರ ತಾಯಿ
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಸಂಜೆ ಸ್ಕೇಟಿಂಗ್ ಕ್ಲಾಸಿಗೆ ಬರುವ ಮಕ್ಕಳಿಗೆ ದಸರಾ ರಜೆಯಲ್ಲಿ ಒಂದು ಕ್ವಿಜ್ ಇಟ್ಟುಕೊಂಡಿದ್ದೇವೆ. ವಿಷಯ ಫಿಗರ್ ಸ್ಕೇಟಿಂಗ್ (ಐಸ್ ಮೇಲೆ ಸಂಗೀತಕ್ಕೆ ಹಾರುತ್ತಾ ತಿರುಗುತ್ತಾ ಮಾಡುವ ಸ್ಕೇಟಿಂಗ್) ಮತ್ತು ಚಳಿಗಾಲದ ಒಲಿಂಪಿಕ್ಸ್. ಆರಿಸಿದ್ದು ಮಕ್ಕಳೇ. ಏಳು ವರ್ಷದವರಿಂದ ಹದಿನಾಲ್ಕರವರೆಗೆ ಇದ್ದಾರೆ. ಎಲ್ಲರೂ ಚಕ್ರದ ಮೇಲೆ ಕಲಿತವರು, ಐಸ್ ಮೇಲೆ ಒಬ್ಬರೂ ಕಾಲಿಟ್ಟಿಲ್ಲ. ಆದರೂ ಮೊಬೈಲಿನಲ್ಲಿ ನೋಡಿ ನೋಡಿ ಆಕ್ಸೆಲ್, ಲುಟ್ಜ್ ಅಂತ ಜಂಪ್‌ಗಳ ಹೆಸರು ಹೇಳಿ ಮಾತಾಡುತ್ತಿರುತ್ತಾರೆ.

ಪೋಷಕರು ವಾಟ್ಸಾಪ್ ಗುಂಪಿನಲ್ಲಿ ಕಳಿಸಿದ ಪ್ರಶ್ನೆಗಳು ಇವು. ಗೊತ್ತಿರುವವರು ಉತ್ತರ ಸರಿಯಾ ನೋಡಿ ಹೇಳಿ. ಮಕ್ಕಳಿಗೆ ತಪ್ಪು ಹೇಳಿಕೊಡಬಾರದು ಅನ್ನೋದೇ ನನ್ನ ಚಿಂತೆ.

1. ಫಿಗರ್ ಸ್ಕೇಟಿಂಗ್ ಒಲಿಂಪಿಕ್ಸಿಗೆ ಮೊದಲು ಬಂದದ್ದು ಯಾವಾಗ? ಉತ್ತರ: 1924, ಫ್ರಾನ್ಸಿನ ಶಾಮೊನಿ.
2. ಬೇಸಿಗೆ, ಚಳಿಗಾಲ ಎರಡೂ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಒಬ್ಬರೇ ಒಬ್ಬರು ಯಾರು? ಉತ್ತರ: ಎಡ್ಡಿ ಈಗನ್.
3. ಮುಂದಕ್ಕೆ ಚಲಿಸುತ್ತಾ ಹಾರುವ ಒಂದೇ ಜಂಪ್ ಯಾವುದು? ಉತ್ತರ: ಆಕ್ಸೆಲ್.
4. ಐಸ್ ಯಾಕೆ ಜಾರುತ್ತದೆ? ಉತ್ತರ: ಬ್ಲೇಡಿನ ಒತ್ತಡಕ್ಕೆ ಕರಗಿ ನೀರಾಗುವುದರಿಂದ.
5. ಚಳಿಗಾಲದ ಒಲಿಂಪಿಕ್ಸಿಗೆ ಹೋದ ಮೊದಲ ಭಾರತೀಯ ಯಾರು? ಉತ್ತರ: ಶಿವ ಕೇಶವನ್.

ಮಂಡ್ಯ ಗೌಡ್ರು
ಮೊದಲನೇದೇ ತಪ್ಪು ಕಣ್ರೀ ಮೇಡಂ. 1924 ಅನ್ನೋದು ಚಳಿಗಾಲದ ಒಲಿಂಪಿಕ್ಸ್ ಶುರುವಾದ ವರ್ಷ. ಫಿಗರ್ ಸ್ಕೇಟಿಂಗ್ ಅದಕ್ಕಿಂತ 16 ವರ್ಷ ಮುಂಚೆ, 1908ರ ಲಂಡನ್ ಒಲಿಂಪಿಕ್ಸಿನಲ್ಲೇ ಇತ್ತು. ಅದು ಬೇಸಿಗೆ ಕ್ರೀಡಾಕೂಟ. ಗಂಡಸರಲ್ಲಿ ಗೆದ್ದವರು ಸ್ವೀಡನ್ನಿನ ಉಲ್ರಿಕ್ ಸಾಲ್ಕೊ. ಸಾಲ್ಕೊ ಜಂಪ್ ಅಂತ ಮಕ್ಕಳು ಹೇಳ್ತಾರಲ್ಲ, ಅವರದೇ ಹೆಸರು. 1920ರಲ್ಲಿ ಆಂಟ್‌ವರ್ಪಿನಲ್ಲೂ ಇತ್ತು, ಜೊತೆಗೆ ಐಸ್ ಹಾಕಿನೂ ಸೇರಿತ್ತು.

ಐದನೇದೂ ತಪ್ಪು. ಅದನ್ನು ಯಾರಾದರೂ ವಿವರವಾಗಿ ಬರೀಲಿ, ನಾನು ಈಗ ಗದ್ದೆಗೆ ಹೊರಟಿದ್ದೀನಿ.

ಚಾಮುಂಡಿ ಪಾದ
ಬೇಸಿಗೆ ಒಲಿಂಪಿಕ್ಸಿನಲ್ಲಿ ಐಸ್ ಎಲ್ಲಿಂದ ತಂದರು ಗೌಡ್ರೇ?

ಐಸ್ ಪ್ಲಾಂಟ್ ರಾಜಣ್ಣ
ಅದಕ್ಕೆ ನಾನು ಉತ್ತರ ಕೊಡ್ತೀನಿ. ಲಂಡನ್ನಿನಲ್ಲಿ ಆ ಕಾಲಕ್ಕೇ ಯಂತ್ರದಿಂದ ಐಸ್ ಮಾಡುವ ಒಳಾಂಗಣ ರಿಂಕ್, ಅಂದರೆ ಸ್ಕೇಟಿಂಗ್ ಅಂಗಳ, ಇತ್ತು. ಸ್ಪರ್ಧೆ ನಡೆದದ್ದೂ ಅಕ್ಟೋಬರ್‌ನಲ್ಲಿ.

ನಾನು ಮೊದಲು ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡ್ತಿದ್ದೆ, ಹಾಗಾಗಿ ಈ ವಿಷಯ ಅಂದರೆ ನನಗೆ ಆಸೆ. ರಿಂಕಿನ ಕೆಲಸ ನಮ್ಮ ಐಸ್ ಕ್ಯಾಂಡಿ ಫ್ಯಾಕ್ಟರಿಯ ಥರಾನೇ. ಕಾಂಕ್ರೀಟ್ ನೆಲದೊಳಗೆ ಸಾಲಾಗಿ ಪೈಪ್ ಹಾಕಿರ್ತಾರೆ. ಅದರಲ್ಲಿ ಸೊನ್ನೆಗಿಂತ ಕೆಳಗೆ ತಣಿಸಿದ ಉಪ್ಪುನೀರು ಓಡ್ತಾ ಇರುತ್ತೆ. ಉಪ್ಪುನೀರು ಆ ಚಳಿಯಲ್ಲೂ ಗಟ್ಟಿಯಾಗಲ್ಲ. ನೆಲ ತಣ್ಣಗಾದ ಮೇಲೆ ತೆಳ್ಳಗೆ ನೀರು ಸಿಂಪಡಿಸೋದು, ಅದು ಹೆಪ್ಪುಗಟ್ಟಿದ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಒಂದೇ ಸಲ ಸುರಿದರೆ ಮೇಲ್ಮೈ ಸಮ ಬರಲ್ಲ. ಉಪ್ಪುನೀರನ್ನು ತಣಿಸೋಕೆ ಅಮೋನಿಯಾ ಕಂಪ್ರೆಸರ್ ಬಳಸೋ ರಿಂಕ್‌ಗಳು ಈಗಲೂ ಇವೆ.

ಇನ್ನೊಂದು ಪ್ರಶ್ನೆ ಸೇರಿಸಿ: ಗೀಚುಬಿದ್ದ ಐಸನ್ನು ಸರಿಮಾಡೋಕೆ ತಣ್ಣೀರು ಹಾಕ್ತಾರೋ ಬಿಸಿನೀರೋ? ಮಕ್ಕಳೆಲ್ಲ ತಣ್ಣೀರು ಅಂತಾರೆ. ಹಾಕೋದು ಬಿಸಿನೀರು. ಬಿಸಿನೀರು ಮೇಲಿನ ಗೀರುಗಳನ್ನು ಸ್ವಲ್ಪ ಕರಗಿಸಿ ಹಳೆ ಐಸ್ ಜೊತೆ ಕೂಡಿಕೊಳ್ಳುತ್ತೆ. ಅದರಲ್ಲಿ ಗಾಳಿಗುಳ್ಳೆನೂ ಕಡಿಮೆ. ಆ ಕೆಲಸ ಮಾಡೋ ಗಾಡಿ ಝಾಂಬೋನಿ. 1949ರಲ್ಲಿ ಅಮೆರಿಕದ ಫ್ರಾಂಕ್ ಝಾಂಬೋನಿ ಕಂಡುಹಿಡಿದದ್ದು. ಅವರ ಕುಟುಂಬದ ಕಸುಬೂ ಐಸ್ ಮಾಡಿ ಮಾರೋದೇ ಆಗಿತ್ತು. ಮನೆಮನೆಗೆ ಫ್ರಿಜ್ ಬಂದು ವ್ಯಾಪಾರ ಇಳಿದಾಗ ರಿಂಕ್ ಕಟ್ಟಿದರು.

ಚಾಮುಂಡಿ ಪಾದ
ರಾಜಣ್ಣ, ಇದು ಬಹಳ ಚೆನ್ನಾಗಿದೆ. ಬಿಸಿನೀರಿನ ಪ್ರಶ್ನೆ ಇಡಲೇಬೇಕು.

ನಿವೃತ್ತ ಮೇಷ್ಟ್ರು
ನಾಲ್ಕನೇ ಪ್ರಶ್ನೆಗೆ ಬರುತ್ತೇನೆ. ಒತ್ತಡಕ್ಕೆ ಐಸ್ ಕರಗುತ್ತದೆ ಅನ್ನುವುದು ಬಹಳ ಕಾಲದಿಂದ ಪುಸ್ತಕಗಳಲ್ಲಿರುವ ಉತ್ತರ. ಒತ್ತಡ ಹೆಚ್ಚಿದರೆ ಐಸ್ ಕರಗುವ ಉಷ್ಣತೆ ಇಳಿಯುತ್ತದೆ, ನಿಜ. ಆದರೆ ಎಷ್ಟು ಇಳಿಯುತ್ತದೆ? ಒಂದು ವಾಯುಭಾರದಷ್ಟು ಒತ್ತಡಕ್ಕೆ ಸುಮಾರು 0.0075 ಡಿಗ್ರಿ. ನೂರು ಪಟ್ಟು ಒತ್ತಿದರೂ ಒಂದು ಡಿಗ್ರಿ ಇಳಿಯುವುದಿಲ್ಲ. ಆದರೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಜನ ಸ್ಕೇಟ್ ಮಾಡುತ್ತಾರೆ. ಬರೀ ಚಪ್ಪಲಿ ಹಾಕಿ ನಿಂತರೂ ಐಸ್ ಜಾರುತ್ತದೆ, ಅಲ್ಲಿ ಬ್ಲೇಡೇ ಇಲ್ಲ.

ಐಸಿನ ಮೇಲ್ಮೈಯಲ್ಲೇ ನೀರಿನಂಥ ಒಂದು ಅತಿ ತೆಳುವಾದ ಪದರ ಇರುತ್ತದೆ. ಮೇಲ್ಗಡೆಯಿಂದ ಹಿಡಿದುಕೊಳ್ಳಲು ಬೇರೆ ಕಣಗಳಿಲ್ಲದ್ದರಿಂದ ಹೊರಗಿನ ಕಣಗಳು ಒಳಗಿನವುಗಳಷ್ಟು ಬಿಗಿಯಾಗಿ ಕೂತಿರುವುದಿಲ್ಲ. ಇಂಥದ್ದೊಂದು ಪದರ ಇರಬೇಕು ಎಂದು ಮೈಕೇಲ್ ಫ್ಯಾರಡೆ 1850ರಲ್ಲೇ ಹೇಳಿದ್ದರು. ಎರಡು ಐಸ್ ತುಂಡು ಒತ್ತಿ ಹಿಡಿದರೆ ಅಂಟಿಕೊಳ್ಳುವುದನ್ನು ನೋಡಿ ಬಂದ ಯೋಚನೆ ಅದು. ಜೊತೆಗೆ ಬ್ಲೇಡ್ ಉಜ್ಜುವಾಗ ಹುಟ್ಟುವ ಬಿಸಿಯೂ ಸೇರುತ್ತದೆ. ಐಸ್ ತುಂಡಿನ ಪ್ರಯೋಗವನ್ನು ಮನೆಯ ಫ್ರಿಜ್‌ನಿಂದಲೇ ಮಾಡಿಸಬಹುದು.

ವಿಜಯನಗರ ನಾಲ್ಕನೇ ಹಂತ
ಮೇಷ್ಟ್ರೇ, ನಾವು ಓದುವಾಗ ಒತ್ತಡ ಅಂತಲೇ ಬರೆದು ಪೂರ್ತಿ ಅಂಕ ತಗೊಂಡಿದ್ದೆವು. ಈಗ ಮಗು ಪರೀಕ್ಷೆಯಲ್ಲಿ ಬೇರೆ ಥರ ಬರೆದರೆ ಅಂಕ ಹೋಗಲ್ವಾ? ಏಳು ವರ್ಷದ ಮಕ್ಕಳಿಗೆ ಇದೆಲ್ಲ ಜಾಸ್ತಿ ಆಗಲ್ವಾ?

ನಿವೃತ್ತ ಮೇಷ್ಟ್ರು
ಅಂಕಕ್ಕಾಗಿ ತಪ್ಪು ಕಲಿಸೋಣವೇ? ಏಳು ವರ್ಷದವರಿಗೆ ಕಾರಣ ಕೇಳಬೇಡಿ. ಎರಡು ಐಸ್ ತುಂಡು ಕೈಗೆ ಕೊಟ್ಟು ಅಂಟಿಸಲು ಹೇಳಿ, ಸಾಕು. ದೊಡ್ಡವರಿಗೆ ಬ್ಲೇಡಿನ ಒತ್ತಡ ಮಾತ್ರವೇ ಕಾರಣವೇ ಅಂತ ಕೇಳಿ, ವಾದ ಮಾಡಲಿ ಬಿಡಿ.

ಹುಣಸೂರು ರಸ್ತೆ
ಎರಡನೇ ಪ್ರಶ್ನೆ ಈಗಿರುವ ಹಾಗೆ ಇಟ್ಟರೆ ಗಲಾಟೆ ಆಗುತ್ತೆ. ಎಡ್ಡಿ ಈಗನ್ 1920ರಲ್ಲಿ ಬಾಕ್ಸಿಂಗ್, 1932ರಲ್ಲಿ ಬಾಬ್‌ಸ್ಲೆಡ್ (ಐಸ್ ಕಾಲುವೆಯಲ್ಲಿ ತಂಡವಾಗಿ ಕೂತು ಇಳಿಯುವ ಗಾಡಿ) ತಂಡದಲ್ಲಿ ಚಿನ್ನ ಗೆದ್ದವರು. ಸರಿ. ಆದರೆ ಸ್ವೀಡನ್ನಿನ ಗಿಲ್ಲಿಸ್ ಗ್ರಾಫ್‌ಸ್ಟ್ರೋಮ್ ಫಿಗರ್ ಸ್ಕೇಟಿಂಗಿನಲ್ಲಿ 1920, 1924, 1928 ಮೂರೂ ಸಲ ಚಿನ್ನ ಗೆದ್ದಿದ್ದಾರೆ. ಗೌಡ್ರು ಹೇಳಿದ ಹಾಗೆ 1920 ಬೇಸಿಗೆ ಕೂಟ. ಅಂದಮೇಲೆ ಅವರೂ ಎರಡೂ ಕಡೆ ಗೆದ್ದ ಹಾಗಾಯ್ತಲ್ವಾ? "ಬೇರೆ ಬೇರೆ ಆಟಗಳಲ್ಲಿ" ಅಂತ ಸೇರಿಸಿದರೆ ಈಗನ್ ಒಬ್ಬರೇ ಉಳಿಯುತ್ತಾರೆ.

ಮಂಡ್ಯ ಗೌಡ್ರು
ಗದ್ದೆಯಿಂದ ಬಂದೆ. ಸರಿಯಾದ ಮಾತು ಹುಣಸೂರು ರಸ್ತೆಯವರದು. ನನಗೆ ಕೇಳಿದರೆ ಗ್ರಾಫ್‌ಸ್ಟ್ರೋಮ್ ಬಗ್ಗೆಯೇ ಪ್ರಶ್ನೆ ಇಡಿ. ಸ್ಕೇಟಿಂಗ್ ಮಕ್ಕಳ ಕ್ವಿಜ್‌ನಲ್ಲಿ ಬಾಕ್ಸರ್ ಯಾಕೆ?

ಕೊಡಗಿನ ಮಗಳು
ಐದನೇದನ್ನು ನಾನು ಬರೀತೀನಿ. ಮೊದಲು ಹೋದವರು ಜೆರೆಮಿ ಬುಜಾಕೋವ್ಸ್ಕಿ. 1964, ಆಸ್ಟ್ರಿಯಾದ ಇನ್ಸ್‌ಬ್ರುಕ್, ಆಲ್ಪೈನ್ ಸ್ಕೀಯಿಂಗ್. 1968ರಲ್ಲಿ ಗ್ರೆನೋಬಲಿಗೂ ಹೋದರು. ಆ ಇನ್ಸ್‌ಬ್ರುಕ್ ಕೂಟದಲ್ಲಿ ಹಿಮವೇ ಸಾಲದೆ ಆಸ್ಟ್ರಿಯಾದ ಸೈನಿಕರು ಬೆಟ್ಟದ ಮೇಲಿಂದ ಹಿಮ ಹೊತ್ತು ತಂದು ಹಾಸಿದ್ದರು. ಮಕ್ಕಳಿಗೆ ಈ ಕಥೆ ಇಷ್ಟವಾಗುತ್ತೆ.

ಶಿವ ಕೇಶವನ್ ಅವರನ್ನು ಬಿಡಬೇಡಿ, ಪ್ರಶ್ನೆ ಬದಲಾಯಿಸಿ. ಮನಾಲಿ ಕಡೆಯವರು. 1998ರ ನಾಗಾನೊದಿಂದ 2018ರವರೆಗೆ ಆರು ಒಲಿಂಪಿಕ್ಸ್, ಆಟ ಲೂಜ್. ಚಿಕ್ಕ ಸ್ಲೆಡ್ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ಐಸ್ ಕಾಲುವೆಯಲ್ಲಿ ಇಳಿಯೋದು. ಭಾರತದಲ್ಲಿ ಅಂಥ ಟ್ರ್ಯಾಕೇ ಇರಲಿಲ್ಲ. ಸ್ಲೆಡ್‌ಗೆ ಚಕ್ರ ಹಾಕಿಕೊಂಡು ಹಿಮಾಲಯದ ಘಾಟಿ ರಸ್ತೆಗಳಲ್ಲಿ, ಲಾರಿಗಳ ನಡುವೆ ಅಭ್ಯಾಸ ಮಾಡಿದರು. ಚಕ್ರದ ಮೇಲೆ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಯಾವುದು?

ನಮ್ಮ ರಾಜ್ಯದ್ದೂ ಒಂದು ಇರಲಿ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಪಟು. ಖೇಲೋ ಇಂಡಿಯಾ ವಿಂಟರ್ ಗೇಮ್ಸಿನಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಹಿಮ ಬೀಳದ ಊರಿನ ಹುಡುಗಿ ಮೈಲಿಗಟ್ಟಲೆ ಹಿಮದಲ್ಲಿ ಓಡ್ತಾಳೆ ಅಂದರೆ ನನಗೆ ಎಷ್ಟು ಹೆಮ್ಮೆ ಗೊತ್ತಾ! ಮೈಸೂರಿನಲ್ಲಿ ಮಾಡುವ ಕ್ವಿಜ್‌ನಲ್ಲಿ ಇವರ ಹೆಸರು ಇಲ್ಲದಿದ್ದರೆ ಹೇಗೆ?

ಹುಣಸೂರು ರಸ್ತೆ
2022ರ ಬೀಜಿಂಗಿಗೆ ಭಾರತದಿಂದ ಹೋದವರು ಒಬ್ಬರೇ, ಕಾಶ್ಮೀರದ ಆರಿಫ್ ಖಾನ್. ಇದನ್ನೂ ಸೇರಿಸಿ.

ಆಕ್ಸೆಲ್ 13
ಎಲ್ಲರಿಗೂ ನಮಸ್ತೆ. ನನಗೆ 13 ವರ್ಷ, ಕ್ವಾಡ್ ಸ್ಕೇಟ್ಸಿನಲ್ಲಿ (ಮುಂದೆ ಎರಡು, ಹಿಂದೆ ಎರಡು ಚಕ್ರ ಇರೋದು) ಆರ್ಟಿಸ್ಟಿಕ್ ಸ್ಕೇಟಿಂಗ್ ಕಲಿಯುತ್ತಿದ್ದೇನೆ. ಅಪ್ಪನ ಫೋನಿನಿಂದ ಬರೀತಿದ್ದೀನಿ, ಅವರಿಗೆ ಹೇಳಿದ್ದೀನಿ.

ದಯವಿಟ್ಟು ಬರೀ ಇಸವಿ ಕೇಳಬೇಡಿ. ಇಸವಿ ಯಾರು ಬೇಕಾದರೂ ಹಿಂದಿನ ರಾತ್ರಿ ಉರು ಹೊಡೆದು ಬರ್ತಾರೆ. ಒಂದು ವಿಡಿಯೋ ಹಾಕಿ, ಇದು ಯಾವ ಜಂಪ್ ಅಂತ ಕೇಳಿ. ಯಾರು ನಿಜವಾಗಿ ನೋಡ್ತಾರೆ ಅಂತ ಗೊತ್ತಾಗುತ್ತೆ. ಒಟ್ಟು ಆರು ಜಂಪ್. ಟೋ ಲೂಪ್, ಫ್ಲಿಪ್, ಲುಟ್ಜ್ ಮೂರಕ್ಕೆ ಇನ್ನೊಂದು ಕಾಲಿನ ಮುಂತುದಿ ಊರಿ ಹಾರಬೇಕು. ಸಾಲ್ಕೊ, ಲೂಪ್, ಆಕ್ಸೆಲ್ ಮೂರಕ್ಕೆ ಊರೋ ಹಾಗಿಲ್ಲ. ಆಕ್ಸೆಲ್ ಬಿಟ್ಟು ಎಲ್ಲದಕ್ಕೂ ಹಿಂದಕ್ಕೆ ಚಲಿಸ್ತಾ ಹಾರೋದು. ಇಳಿಯೋದು ಮಾತ್ರ ಎಲ್ಲದರಲ್ಲೂ ಹಿಂದಕ್ಕೇ. ಅದಕ್ಕೇ ಆಕ್ಸೆಲ್‌ಗೆ ಅರ್ಧ ಸುತ್ತು ಜಾಸ್ತಿ.

ಕಷ್ಟ ಇರೋದು ಫ್ಲಿಪ್, ಲುಟ್ಜ್ ಎರಡರಲ್ಲಿ. ಎರಡೂ ಒಂದೇ ಥರ ಕಾಣುತ್ತೆ. ಹಾರೋಕೆ ಮುಂಚೆ ಎಡಗಾಲಿನ ಪಾದ ಯಾವ ಕಡೆ ವಾಲಿದೆ ನೋಡಬೇಕು. ಒಳಗಡೆಗೆ ವಾಲಿದ್ದರೆ ಫ್ಲಿಪ್, ಹೊರಗಡೆಗೆ ವಾಲಿದ್ದರೆ ಲುಟ್ಜ್. ಲುಟ್ಜ್‌ನಲ್ಲಿ ಬರುವ ದಾರಿ ಒಂದು ಕಡೆ ಬಾಗುತ್ತೆ, ಗಾಳಿಯಲ್ಲಿ ತಿರುಗೋದು ಇನ್ನೊಂದು ಕಡೆ. ದೊಡ್ಡ ದೊಡ್ಡವರೂ ಕೊನೇ ಕ್ಷಣದಲ್ಲಿ ಪಾದ ಒಳಗೆ ವಾಲಿಸಿಬಿಡ್ತಾರೆ, ಆಗ ತೀರ್ಪುಗಾರರು ಅಂಕ ಕಡಿಮೆ ಮಾಡ್ತಾರೆ. (ಇದು ಎಡಕ್ಕೆ ತಿರುಗುವವರಿಗೆ. ಬಲಕ್ಕೆ ತಿರುಗುವವರಿಗೆ ಕಾಲು ಅದಲುಬದಲು.)

ಕುವೆಂಪುನಗರ ತಾಯಿ
ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದೆ ಪುಟ್ಟಾ! ಆದರೆ ನೀನು ನಮ್ಮ ಕ್ಲಾಸಿನವನಾ? ಹಾಗಿದ್ದರೆ ಪ್ರಶ್ನೆ ಎಲ್ಲ ನೋಡಿಬಿಟ್ಟ ಹಾಗಾಯ್ತಲ್ಲ.

ಆಕ್ಸೆಲ್ 13
ಇಲ್ಲ ಆಂಟಿ, ನಾನು ಮಂಡ್ಯ.

ಮಂಡ್ಯ ಗೌಡ್ರು
ನಮ್ಮೂರ ಹುಡುಗ ಅಂದ್ರೆ ಹಂಗೆ! ಮೇಡಂ, ವಿಡಿಯೋ ಸುತ್ತು ಇವನ ಕೈಗೇ ಕೊಡಿ.

ಚಕ್ರ ಕೋಚ್
ನಾನು ರೋಲರ್ ಸ್ಕೇಟಿಂಗ್ ಕಲಿಸುವವನು. ಹುಡುಗ ಹೇಳಿದ್ದೆಲ್ಲ ಸರಿ. ಚಕ್ರದ ಮೇಲಿನ ಆರ್ಟಿಸ್ಟಿಕ್ ಸ್ಕೇಟಿಂಗಿನಲ್ಲೂ ಇವೇ ಜಂಪ್‌ಗಳು. ಟೋ ಲೂಪನ್ನು ಮಾತ್ರ ನಮ್ಮಲ್ಲಿ ಮೇಪ್ಸ್ ಅಂತಾರೆ, 1920ರ ದಶಕದಲ್ಲಿ ಅದನ್ನು ಕಂಡುಹಿಡಿದ ಬ್ರೂಸ್ ಮೇಪ್ಸ್ ಹೆಸರಿನಲ್ಲಿ.

ಮಕ್ಕಳು "ನಾವು ಐಸ್ ನೋಡಿಲ್ಲ" ಅಂತ ಸಪ್ಪಗಾಗೋದು ಬೇಡ. 1998ರಲ್ಲಿ 15ನೇ ವಯಸ್ಸಿಗೆ ಒಲಿಂಪಿಕ್ ಚಿನ್ನ ಗೆದ್ದ ಟಾರಾ ಲಿಪಿನ್ಸ್ಕಿ ಶುರು ಮಾಡಿದ್ದು ಚಕ್ರದ ಮೇಲೆ. ಹೈದರಾಬಾದಿನ ಅನೂಪ್ ಕುಮಾರ್ ಯಾಮಾ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಆರ್ಟಿಸ್ಟಿಕ್ ಸ್ಕೇಟಿಂಗ್ ಕಂಚು ಗೆದ್ದರು. ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ ಸ್ಪೀಡ್ ಸ್ಕೇಟಿಂಗಿನಲ್ಲಿ ವಿಶ್ವ ಚಾಂಪಿಯನ್ ಆದರು. ಇದು ಮೈಸೂರಿಗೆ ದೂರದ ಮಾತಲ್ಲ.

ನನಗೆ ಬಹಳ ಇಷ್ಟ ಎರಿನ್ ಜಾಕ್ಸನ್. ಫ್ಲೋರಿಡಾದ ಒಕಾಲಾ ಊರಿನವರು, ಅದು ನಮ್ಮ ಹಾಗೆ ಸೆಕೆಯ ಊರು. ಇನ್‌ಲೈನ್ (ಚಕ್ರಗಳು ಒಂದೇ ಸಾಲಿನಲ್ಲಿರುವ) ಸ್ಪೀಡ್ ಸ್ಕೇಟರ್ ಆಗಿದ್ದವರು ಐಸಿಗೆ ಹೋಗಿ, ಕೆಲವೇ ತಿಂಗಳ ಅಭ್ಯಾಸದಲ್ಲಿ 2018ರ ಒಲಿಂಪಿಕ್ಸಿಗೆ ಆಯ್ಕೆಯಾದರು. 2022ಕ್ಕೆ ಅಮೆರಿಕದ ಆಯ್ಕೆ ಸ್ಪರ್ಧೆಯ 500 ಮೀಟರಿನಲ್ಲಿ ಕಾಲು ಎಡವಿ ಮೂರನೇ ಸ್ಥಾನಕ್ಕೆ ಹೋದರು, ಜಾಗ ತಪ್ಪಿತು. ಆಗ ಮೊದಲ ಸ್ಥಾನ ಬಂದಿದ್ದ ಬ್ರಿಟನಿ ಬೋವಿ ತಮ್ಮ ಜಾಗ ಬಿಟ್ಟುಕೊಟ್ಟರು. ಇಬ್ಬರೂ ಒಂದೇ ಊರಿನವರು, ಇಬ್ಬರೂ ಚಕ್ರದಿಂದ ಬಂದವರು. ಬೀಜಿಂಗಿನಲ್ಲಿ ಎರಿನ್ ಚಿನ್ನ ಗೆದ್ದರು. ಚಳಿಗಾಲದ ಒಲಿಂಪಿಕ್ಸಿನ ವೈಯಕ್ತಿಕ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ ಅವರು. ಬೋವಿಗೂ ಆಮೇಲೆ 500 ಮೀಟರಿನಲ್ಲಿ ಇನ್ನೊಂದು ಜಾಗ ಸಿಕ್ಕಿತು. ನಾನು ಕ್ಲಾಸಿನಲ್ಲಿ ಈ ಕಥೆ ಹೇಳಿದಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳ್ತಾರೆ.

ಸರಸ್ವತಿಪುರಂ ಸಂಜೆ
ಕೋಚ್ ಸರ್, ಕ್ಲಾಸ್ ಎಲ್ಲಿ ನಡೆಸ್ತೀರಾ? ನಮ್ಮ ಕಡೆ ಮಕ್ಕಳು ರಸ್ತೆಯಲ್ಲೇ ಓಡಬೇಕು. ಸಂಜೆ ಸ್ಕೂಟರ್ ಕಾಟ, ನಾಯಿ ಕಾಟ. ಒಂದು ಸಣ್ಣ ಜಲ್ಲಿ ಕಲ್ಲು ಚಕ್ರಕ್ಕೆ ಸಿಕ್ಕಿದರೂ ಮಗು ಮುಗ್ಗರಿಸುತ್ತೆ. ನೆಲ ಸಮ ಇರುವ, ಸುತ್ತ ಕಟಕಟೆ ಇರುವ ಒಂದು ಜಾಗ ಪ್ರತಿ ಬಡಾವಣೆಗೂ ಬೇಕು.

ಚಕ್ರ ಕೋಚ್
ನಿಮ್ಮ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ ಅಕ್ಕ. ನಾವು ಒಂದು ಕಲ್ಯಾಣ ಮಂಟಪದ ಅಂಗಳದಲ್ಲಿ ಮಾಡ್ತೀವಿ, ಮುಹೂರ್ತದ ದಿನ ರಜೆ. ಶುರುವಿಗೆ ಮುಂಚೆ ಪೊರಕೆ ಹಿಡಿದು ಕಲ್ಲು ಗುಡಿಸೋದೇ ಮೊದಲ ಪಾಠ. ಹೆಲ್ಮೆಟ್, ಮೊಣಕಾಲು ಪ್ಯಾಡ್, ಮಣಿಕಟ್ಟಿನ ಗಾರ್ಡ್ ಇಲ್ಲದೆ ರಸ್ತೆಗೆ ಮಾತ್ರ ಬಿಡಬೇಡಿ.

ಹಾನ್ಯು ಅಭಿಮಾನಿ
ನಾಲ್ಕೂವರೆ ಸುತ್ತಿನ ಆಕ್ಸೆಲ್ ಬಗ್ಗೆ ಯಾರೂ ಬರೆದೇ ಇಲ್ಲ! ಅದನ್ನು ಒಲಿಂಪಿಕ್ಸಿನಲ್ಲಿ ಮೊದಲು ಮಾಡಿದ್ದು ಜಪಾನಿನ ಯುಜುರು ಹಾನ್ಯು, ಬೀಜಿಂಗ್ 2022. 2014, 2018 ಎರಡು ಸಲ ಚಿನ್ನ ಗೆದ್ದವರು.

ಆಕ್ಸೆಲ್ 13
ಅವರು ಪ್ರಯತ್ನ ಮಾಡಿದರು, ಆದರೆ ಬಿದ್ದರು. ಸರಿಯಾಗಿ ಇಳಿದ ಮೊದಲಿಗರು ಅಮೆರಿಕದ ಇಲಿಯಾ ಮಲಿನಿನ್. 2022 ಸೆಪ್ಟೆಂಬರ್, ಲೇಕ್ ಪ್ಲಾಸಿಡ್. ಆಗ ಅವರಿಗೆ 17.

ಹಾನ್ಯು ಅಭಿಮಾನಿ
ಬಿದ್ದರೂ ತೀರ್ಪುಗಾರರ ಪಟ್ಟಿಯಲ್ಲಿ ಅದು ನಾಲ್ಕೂವರೆ ಸುತ್ತಿನ ಆಕ್ಸೆಲ್ ಅಂತಲೇ ದಾಖಲಾಗಿದೆ. ಮೂರನೇ ಚಿನ್ನ ಕೈತಪ್ಪಬಹುದು ಅಂತ ಗೊತ್ತಿದ್ದೂ ಆ ಜಂಪ್ ಇಟ್ಟುಕೊಂಡರಲ್ಲ, ಆ ಧೈರ್ಯ ದೊಡ್ಡದು.

ಆಕ್ಸೆಲ್ 13
ಧೈರ್ಯ ದೊಡ್ಡದೇ ಅಣ್ಣ. ಆದರೆ ಕ್ವಿಜ್‌ನಲ್ಲಿ "ಮೊದಲು ಯಶಸ್ವಿಯಾಗಿ" ಅಂದರೆ ಉತ್ತರ ಮಲಿನಿನ್.

ನಿವೃತ್ತ ಮೇಷ್ಟ್ರು
ಇಬ್ಬರ ಹೆಸರೂ ಬರುವ ಹಾಗೆ ಪ್ರಶ್ನೆ ಮಾಡಿ. ನಾಲ್ಕೂವರೆ ಸುತ್ತು ಮುಗಿಯುವುದು ಒಂದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ. ಅದು ಹೇಗೆ ಸಾಧ್ಯ ಅಂತ ತೋರಿಸಲು ಆಫೀಸಿನ ತಿರುಗುವ ಕುರ್ಚಿ ತನ್ನಿ. ಮಗುವನ್ನು ಕೂರಿಸಿ, ಎರಡೂ ಕೈಗೆ ಒಂದೊಂದು ಲೀಟರ್ ನೀರಿನ ಬಾಟಲಿ ಕೊಟ್ಟು, ಕೈ ಅಗಲ ಚಾಚಲು ಹೇಳಿ. ಮೆಲ್ಲಗೆ ತಿರುಗಿಸಿ ಬಿಡಿ. ಈಗ ಬಾಟಲಿಗಳನ್ನು ಎದೆಗೆ ಅವುಚಿಕೊಳ್ಳಲಿ. ಕುರ್ಚಿ ತಟಕ್ಕನೆ ವೇಗವಾಗಿ ತಿರುಗುತ್ತದೆ. ಮತ್ತೆ ಕೈ ಚಾಚಿದರೆ ನಿಧಾನ. ಮಲಿನಿನ್ ಗಾಳಿಯಲ್ಲಿ ಕೈಗಳನ್ನು ಎದೆಗೆ ಬಿಗಿಹಿಡಿದು, ಇಳಿಯುವಾಗ ಅಗಲಿಸುವುದು ಇದಕ್ಕೇ. ಗಾಳಿಗೆ ಹಾರಿದ ಮೇಲೆ ಹೊಸದಾಗಿ ತಳ್ಳಿಕೊಳ್ಳಲು ಏನೂ ಸಿಗುವುದಿಲ್ಲ, ನೆಲದಿಂದ ತಂದ ತಿರುಗುವಿಕೆಯನ್ನೇ ಬಳಸಬೇಕು.

ಒಬ್ಬರು ಕುರ್ಚಿ ಹಿಡಿದುಕೊಂಡಿರಿ, ಸಣ್ಣ ಮಕ್ಕಳನ್ನು ಜೋರಾಗಿ ತಿರುಗಿಸಬೇಡಿ.

ವಿಜಯನಗರ ನಾಲ್ಕನೇ ಹಂತ
ಇದು ಇಷ್ಟವಾಯ್ತು ಮೇಷ್ಟ್ರೇ. ನಮ್ಮ ಮನೆಯಲ್ಲೇ ಇಂಥ ಕುರ್ಚಿ ಇದೆ, ತರ್ತೀನಿ.

ಜೆ.ಪಿ. ನಗರ ಅಜ್ಜಿ
ಹೆಣ್ಣುಮಕ್ಕಳ ಪ್ರಶ್ನೆ ಕಡಿಮೆ ಇದೆ. ನಾನು ನಾಲ್ಕು ಹೇಳ್ತೀನಿ, ಬರ್ಕೊಳ್ಳಿ.

ಇಂಗ್ಲೆಂಡಿನ ಮ್ಯಾಜ್ ಸೈಯರ್ಸ್. 1902ರ ವಿಶ್ವ ಚಾಂಪಿಯನ್‌ಷಿಪ್‌ಗೆ ಹೆಸರು ಕೊಟ್ಟಾಗ ಗಂಡಸರೇ ಇದ್ದ ಸ್ಪರ್ಧೆ ಅದು. ಹೆಂಗಸರು ಬರಬಾರದು ಅಂತ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ, ಬರಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಈಕೆ ಆಡಿ ಎರಡನೇ ಸ್ಥಾನ ತಗೊಂಡರು. ಗೆದ್ದದ್ದು ಗೌಡ್ರು ಹೇಳಿದ ಅದೇ ಸಾಲ್ಕೊ. 1908ರಲ್ಲಿ ಹೆಂಗಸರ ವಿಭಾಗದ ಮೊದಲ ಒಲಿಂಪಿಕ್ ಚಿನ್ನವೂ ಈಕೆಯದೇ.

ನಾರ್ವೆಯ ಸೋನ್ಯಾ ಹೆನಿ. 1924ರಲ್ಲಿ 11 ವರ್ಷದ ಹುಡುಗಿ, ಎಂಟು ಜನರಲ್ಲಿ ಎಂಟನೆಯವಳು. ಮುಂದಿನ ಮೂರು ಒಲಿಂಪಿಕ್ಸಿನಲ್ಲೂ ಚಿನ್ನ.

ಜಪಾನಿನ ಮಿಡೋರಿ ಇಟೊ. ಸ್ಪರ್ಧೆಯಲ್ಲಿ ಮೂರೂವರೆ ಸುತ್ತಿನ ಆಕ್ಸೆಲ್ ಮಾಡಿದ ಮೊದಲ ಹೆಣ್ಣು, 1988. ಒಲಿಂಪಿಕ್ಸಿನಲ್ಲಿ 1992.

ಫ್ರಾನ್ಸಿನ ಸೂರ್ಯ ಬೊನಾಲಿ. 1998ರ ನಾಗಾನೊದಲ್ಲಿ ಹಿಂಪಲ್ಟಿ ಹೊಡೆದು ಒಂದೇ ಕಾಲಿನ ಮೇಲೆ ಇಳಿದರು. ಆಗ ಅದು ನಿಷೇಧ, ಅಂಕ ಕಡಿತ ಅಂತ ಗೊತ್ತಿದ್ದೇ ಮಾಡಿದರು. ಆ ನಿಷೇಧ ತೆಗೆದದ್ದು 2024ರಲ್ಲಿ.

ಚಕ್ರ ಕೋಚ್
ಅಮ್ಮ, ನಿಮ್ಮ ನಾಲ್ಕೂ ಮುತ್ತಿನಂಥ ಪ್ರಶ್ನೆಗಳು. ಹಿಂಪಲ್ಟಿ ವಿಡಿಯೋ ತೋರಿಸುವ ಮುಂಚೆ ಮಾತ್ರ ಮಕ್ಕಳಿಗೆ ಗಟ್ಟಿಯಾಗಿ ಹೇಳಿ, ಇದನ್ನು ಯಾರೂ ಅನುಕರಿಸಬಾರದು ಅಂತ. ಮರುದಿನವೇ ಒಬ್ಬರಾದರೂ ಟೆರೇಸ್ ಮೇಲೆ ಪ್ರಯತ್ನ ಮಾಡ್ತಾರೆ.

ಚಾಮುಂಡಿ ಪಾದ
11 ವರ್ಷದ ಮಗು ಒಲಿಂಪಿಕ್ಸಿಗಾ? ಈಗಲೂ ಬಿಡ್ತಾರಾ?

ಜೆ.ಪಿ. ನಗರ ಅಜ್ಜಿ
ಈಗ ಇಲ್ಲಪ್ಪ. ಮೊದಲು 15 ಇದ್ದ ಕನಿಷ್ಠ ವಯಸ್ಸನ್ನು ಹಂತಹಂತವಾಗಿ ಏರಿಸಿ 2024-25ರ ಸಾಲಿಗೆ 17 ಮಾಡಿದ್ದಾರೆ. ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆಲ್ಲ ಇದೇ ನಿಯಮ.

ಹುಣಸೂರು ರಸ್ತೆ
ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಹದಿನೈದಕ್ಕೆ ಅತ್ಯುತ್ತಮವಾಗಿ ಆಡುವ ಹುಡುಗಿಯನ್ನು ಎರಡು ವರ್ಷ ಕಾಯಿಸೋದು ಅನ್ಯಾಯ ಅಲ್ವಾ? ಲಿಪಿನ್ಸ್ಕಿ ಕಾಲದಲ್ಲಿ ಈ ನಿಯಮ ಇದ್ದಿದ್ದರೆ ಅವರಿಗೆ ಆ ಒಲಿಂಪಿಕ್ಸೇ ಸಿಗುತ್ತಿರಲಿಲ್ಲ.

ಕುವೆಂಪುನಗರ ತಾಯಿ
ತಾಯಿಯಾಗಿ ನನಗೆ ನಿಯಮ ಸರಿ ಅನಿಸುತ್ತೆ. ಜಂಪಿನಿಂದ ಇಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತೆ. ಬೆಳೆಯುವ ಮೂಳೆ. ಪದಕಕ್ಕಾಗಿ ಮಗುವಿನ ಸೊಂಟ, ಮೊಣಕಾಲು ಒತ್ತೆ ಇಡೋಕಾಗಲ್ಲ. ನಮ್ಮ ಕ್ಲಾಸಿನಲ್ಲೇ ಕೆಲವರು ಜ್ವರ ಇದ್ದರೂ ಮಕ್ಕಳನ್ನು ಕಳಿಸ್ತಾರೆ, ನನಗೆ ನೋಡೋಕಾಗಲ್ಲ.

ಹುಣಸೂರು ರಸ್ತೆ
ಮನೆಯವರ ಒತ್ತಡಕ್ಕೆ ನಿಯಮ ಮದ್ದಲ್ಲ ಅಂತ ನನ್ನ ವಾದ. ಇರಲಿ, ಅದಕ್ಕೆ ಬೇರೆ ಚರ್ಚೆ ತೆಗೆಯೋಣ.

ಶ್ರೀರಂಗಪಟ್ಟಣ ಕೋಟೆ
ಬ್ರಾಡ್‌ಬರಿ ಕಥೆ ಯಾರೂ ಹೇಳಿಲ್ಲ. 2002, ಸಾಲ್ಟ್ ಲೇಕ್ ಸಿಟಿ, ಶಾರ್ಟ್ ಟ್ರ್ಯಾಕ್ (ಚಿಕ್ಕ ಸುತ್ತಿನಲ್ಲಿ ಎಲ್ಲರೂ ಒಟ್ಟಿಗೆ ಓಡುವ ಐಸ್ ಸ್ಕೇಟಿಂಗ್) 1000 ಮೀಟರ್ ಫೈನಲ್. ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್‌ಬರಿ ಎಲ್ಲರಿಗಿಂತ ಹಿಂದೆ. ಕೊನೇ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಒಬ್ಬರಿಗೊಬ್ಬರು ತಗುಲಿ ಬಿದ್ದರು. ಇವರು ನಿಂತಹಾಗೇ ದಾಟಿ ಚಿನ್ನ ಗೆದ್ದರು. ದಕ್ಷಿಣ ಗೋಳಾರ್ಧಕ್ಕೆ ಚಳಿಗಾಲದ ಒಲಿಂಪಿಕ್ಸಿನ ಮೊದಲ ಚಿನ್ನ ಅದು.

ವಿಜಯನಗರ ನಾಲ್ಕನೇ ಹಂತ
ಅದು ಬರೀ ಅದೃಷ್ಟ. ಮಕ್ಕಳಿಗೆ ಇದನ್ನು ಹೇಳಿ ಏನು ಕಲಿಸೋದು?

ಶ್ರೀರಂಗಪಟ್ಟಣ ಕೋಟೆ
ಅದೃಷ್ಟ ಅಂತ ತಳ್ಳಿಹಾಕಬೇಡಿ ಸರ್. 1994ರಲ್ಲಿ ಓಟದ ನಡುವೆ ಇನ್ನೊಬ್ಬರ ಬ್ಲೇಡ್ ಅವರ ತೊಡೆ ಸೀಳಿತ್ತು, 111 ಹೊಲಿಗೆ ಬಿತ್ತು. 2000ದಲ್ಲಿ ಕತ್ತಿನ ಮೂಳೆ ಮುರಿಯಿತು. ಆಮೇಲೂ ಒಲಿಂಪಿಕ್ ಫೈನಲ್ ತಲುಪಿದರು. ವೇಗದಲ್ಲಿ ಉಳಿದವರಿಗೆ ಸಾಟಿಯಾಗಲ್ಲ ಅಂತ ಗೊತ್ತಿತ್ತು, ಅವರ ನೂಕಾಟಕ್ಕೆ ಸಿಗದೆ ಹಿಂದೆ ಇರೋಣ ಅಂತ ಮೊದಲೇ ಯೋಚಿಸಿದ್ದರು.

ಮಂಡ್ಯ ಗೌಡ್ರು
ಕೋಟೆಯವರ ಕಡೆ ನನ್ನ ಓಟು. ಕಾಲಿನ ಮೇಲೆ ನಿಂತಿರೋದೂ ಸ್ಕೇಟಿಂಗೇ.

ಶಿಮ್ಲಾಗೆ ಹೋದವಳು
ನೀವೆಲ್ಲ ಐಸ್ ನೋಡಿಲ್ಲ ಅಂತಿದ್ದೀರಲ್ಲ, ನಾನು ಮಗಳನ್ನು ಶಿಮ್ಲಾದ ರಿಂಕಿಗೆ ಕರೆದುಕೊಂಡು ಹೋಗಿದ್ದೆ. 1920ರಿಂದ ಇರುವ ಬಯಲು ರಿಂಕ್ ಅದು. ರಾತ್ರಿ ನೆಲಕ್ಕೆ ನೀರು ಹಾಕ್ತಾರೆ, ಚಳಿಗೆ ತಾನೇ ಹೆಪ್ಪುಗಟ್ಟುತ್ತೆ. ಮೋಡ ಕವಿದ ರಾತ್ರಿ ಸರಿಯಾಗಿ ಗಟ್ಟಿಯಾಗಲ್ಲ, ಹಾಗಾದರೆ ಮರುದಿನ ಆಟ ಇಲ್ಲ. ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಇಲ್ಲಾಂದರೆ ಸಂಜೆ ಹೋಗಬೇಕು.

ಮಗಳು ಇಲ್ಲಿ ಇನ್‌ಲೈನ್ ಚೆನ್ನಾಗಿ ಓಡಿಸ್ತಾಳೆ. ಅಲ್ಲಿ ಬಾಡಿಗೆಗೆ ಕೊಟ್ಟ ಬೂಟು ಕಲ್ಲಿನ ಹಾಗೆ ಗಟ್ಟಿ, ಕಟ್ಟುವಷ್ಟರಲ್ಲಿ ಬೆರಳು ಮರಗಟ್ಟಿತ್ತು. ಕೊಟ್ಟಿದ್ದು ಫಿಗರ್ ಸ್ಕೇಟ್. ಬ್ಲೇಡಿನ ಮುಂತುದಿಯಲ್ಲಿ ಗರಗಸದಂಥ ಹಲ್ಲು ಇರುತ್ತೆ. ಚಕ್ರದಲ್ಲಿ ತಳ್ಳಿದ ಹಾಗೆ ಕಾಲ್ಬೆರಳ ಕಡೆಯಿಂದ ತಳ್ಳಿದಳು, ಹಲ್ಲು ಐಸಿಗೆ ಕಚ್ಚಿ ಮುಂದಕ್ಕೆ ಬಿದ್ದಳು. ಅಲ್ಲಿದ್ದ ಒಬ್ಬ ಹಿರಿಯರು ಬ್ಲೇಡನ್ನು ತಲೆಕೆಳಗು ಮಾಡಿ ತೋರಿಸಿದರು. ಕೆಳಗೆ ಉದ್ದಕ್ಕೂ ಸಣ್ಣ ಕಾಲುವೆಯಂಥ ತಗ್ಗು, ಅದರ ಎರಡು ಬದಿಗೆ ಎರಡು ಅಂಚು. ನೇರ ನಿಂತರೆ ಎರಡೂ ಅಂಚು ಐಸ್ ಮೇಲೆ, ವಾಲಿದರೆ ಒಂದೇ. ಬ್ಲೇಡಿನ ಪಕ್ಕದಿಂದ ತಳ್ಳಮ್ಮ ಅಂದರು. ಆಮೇಲೆ ನೋಡಬೇಕಿತ್ತು ಅವಳನ್ನು! ಕಟಕಟೆ ಬಿಟ್ಟು ನಡುವಿಗೇ ಹೋಗಿಬಿಟ್ಟಳು.

ಆಕ್ಸೆಲ್ 13
ಅಯ್ಯೋ, ನನಗೂ ಹೋಗಬೇಕು. ನಾನು ಹೇಳಿದ ಒಳಗೆ ವಾಲೋದು, ಹೊರಗೆ ವಾಲೋದು ಅಂದರೆ ಈ ಎರಡು ಅಂಚುಗಳೇ ಅಂತ ಎಲ್ಲರಿಗೂ ತೋರಿಸಬಹುದು.

ಚಾಮುಂಡಿ ಪಾದ
ಅಂಕದ ಬಗ್ಗೆ ಒಂದು ಅನುಮಾನ. ಈಗಲೂ ಆರಕ್ಕೆ ಆರು ಕೊಡ್ತಾರಾ?

ಹಾನ್ಯು ಅಭಿಮಾನಿ
ಇಲ್ಲ. ಆರರ ಪದ್ಧತಿಯ ದೊಡ್ಡ ನೆನಪು 1984ರ ಸರಾಯೆವೊ, ಇಂಗ್ಲೆಂಡಿನ ಟಾರ್ವಿಲ್ ಮತ್ತು ಡೀನ್. ಐಸ್ ಡ್ಯಾನ್ಸಿನಲ್ಲಿ ಕಲಾತ್ಮಕತೆಗೆ ಒಂಬತ್ತೂ ತೀರ್ಪುಗಾರರು 6.0 ಕೊಟ್ಟರು. 2002ರಲ್ಲಿ ಜೋಡಿ ಸ್ಪರ್ಧೆಯ ತೀರ್ಪಿನ ಮೇಲೆ ದೊಡ್ಡ ಗಲಾಟೆಯಾಗಿ, ರಷ್ಯಾ, ಕೆನಡಾ ಎರಡೂ ಜೋಡಿಗೆ ಚಿನ್ನ ಕೊಡಬೇಕಾಯ್ತು. ಆಮೇಲೆ ಪದ್ಧತಿಯನ್ನೇ ಬದಲಾಯಿಸಿದರು. ಈಗ ಪ್ರತಿ ಜಂಪಿಗೂ ಪ್ರತಿ ಸ್ಪಿನ್‌ಗೂ ಬೇರೆ ಬೇರೆ ಅಂಕ, ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಅಂತ ಕೂಡಿಸಿ ಕಳೆದು ಲೆಕ್ಕ. ಬಿದ್ದರೆ ಕಡಿತ. ಒಲಿಂಪಿಕ್ಸಿನಲ್ಲಿ ಇದು ಮೊದಲು ಬಂದದ್ದು 2006ರ ಟ್ಯೂರಿನ್.

ಕುವೆಂಪುನಗರ ತಾಯಿ
ಎಲ್ಲರಿಗೂ ಧನ್ಯವಾದ. ಪಟ್ಟಿ ತಿದ್ದಿ ಗುಂಪಿಗೆ ಹಾಕಿದೆ. ಸಣ್ಣವರಿಗೆ ಐಸ್ ತುಂಡು, ಕುರ್ಚಿ, ಬಿಸಿನೀರು ತಣ್ಣೀರು. ದೊಡ್ಡವರಿಗೆ ವಿಡಿಯೋ ಸುತ್ತು ಮತ್ತು ಕಥೆಗಳು. ಆಕ್ಸೆಲ್ ಪುಟ್ಟ, ನಿಮ್ಮ ಅಪ್ಪ ಒಪ್ಪಿದರೆ ಬಂದು ವಿಡಿಯೋ ಸುತ್ತು ನಡೆಸಿಕೊಡ್ತೀಯಾ?

ಆಕ್ಸೆಲ್ 13
ಅಪ್ಪ ಹೂಂ ಅಂದರು! ಸ್ಕೇಟ್ಸ್ ತರಲಾ ಆಂಟಿ?

ಕುವೆಂಪುನಗರ ತಾಯಿ
ತಾ ಮಗಾ, ಹೆಲ್ಮೆಟ್ಟೂ ತಾ. ನಿಮ್ಮ ಕ್ಲಾಸಿನ ಬೇರೆ ಮಕ್ಕಳು ಬಂದರೂ ಸಂತೋಷ. ತಿಂಡಿ ನಮ್ಮ ಕಡೆಯಿಂದ.

ಮಂಡ್ಯ ಗೌಡ್ರು
ಹುಡುಗ ಒಬ್ಬನೇ ಬಸ್ಸಿನಲ್ಲಿ ಬರೋದು ಬೇಡ. ನಾನು ದಸರಾ ನೋಡೋಕೆ ಮನೆಯವರ ಜೊತೆ ಹೇಗೂ ಮೈಸೂರಿಗೆ ಹೊರಟಿದ್ದೀನಿ. ಅವರ ಅಪ್ಪನೂ ಜೊತೆಗೆ ಬರೋದಾದರೆ ಕಾರಿನಲ್ಲಿ ಜಾಗ ಇದೆ.

ಐಸ್ ಪ್ಲಾಂಟ್ ರಾಜಣ್ಣ
ಮೇಡಂ, ಐಸ್ ಎಷ್ಟು ಬೇಕು ಹೇಳಿ. ಫ್ರಿಜ್ಜಿನ ತುಂಡು ಮಕ್ಕಳ ಕೈಗೆ ಬರೋ ಹೊತ್ತಿಗೆ ಕರಗಿರುತ್ತೆ. ನಾನು ಒಂದು ದೊಡ್ಡ ಗಡ್ಡೆ ಹೊಟ್ಟಿನಲ್ಲಿ ಮುಚ್ಚಿ ತಂದುಕೊಡ್ತೀನಿ.